ಜಾವಾ ಆ್ಯಪ್ ಕ್ಲೌಡ್‌ನಲ್ಲಿ ಬಿದ್ದಾಗ: ಆ ದೋಷದ ಮಾತು ಯಾರದ್ದು?

ಲ್ಯಾಪ್‌ಟಾಪ್‌ನಲ್ಲಿ ಸಲೀಸಾಗಿ ಓಡುತ್ತಿದ್ದ ಜಾವಾ ಆ್ಯಪ್ ಕ್ಲೌಡ್‌ಗೆ ಹೋದ ಕೂಡಲೇ ಮುಗ್ಗರಿಸುವುದು ಹೊಸ ಕತೆಯೇನಲ್ಲ. ಒಮ್ಮೆ ಬರೆದರೆ ಎಲ್ಲಿ ಬೇಕಾದರೂ ಓಡುತ್ತದೆ ಎಂದು 1990ರ ದಶಕದಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಸಾರಿದ್ದು ಸುಳ್ಳಲ್ಲ. ಆದರೆ ಆ ಭರವಸೆ ಬೈಟ್‌ಕೋಡ್‌ಗೆ, ಅಂದರೆ ಕಂಪೈಲ್ ಆದ ಜಾವಾ ಕೋಡ್‌ಗೆ, ಸಂಬಂಧಪಟ್ಟಿದ್ದು. ಎಷ್ಟು ಮೆಮೊರಿ ಸಿಗುತ್ತದೆ, ಯಾವ ಪೋರ್ಟ್‌ನಲ್ಲಿ (ನೆಟ್‌ವರ್ಕ್‌ನ ಬಾಗಿಲ ಸಂಖ್ಯೆ) ಕೂರಬೇಕು, ಬರೆದ ಫೈಲ್ ನಾಳೆಯೂ ಇರುತ್ತದೆಯೇ, ಡೇಟಾಬೇಸ್ ಎಷ್ಟು ಜನರನ್ನು ಒಳಗೆ ಬಿಡುತ್ತದೆ ಎಂಬುದರ ಬಗ್ಗೆ ಅದು ಏನೂ ಹೇಳುವುದಿಲ್ಲ. ಕ್ಲೌಡ್‌ನಲ್ಲಿ ಎದುರಾಗುವ ತೊಂದರೆಗಳಲ್ಲಿ ಬಹುಪಾಲು ಹುಟ್ಟುವುದು ಅಲ್ಲೇ.

ತೊಂದರೆ ಬಂದಾಗ ಎಲ್ಲರೂ ಮಾಡುವ ಮೊದಲ ಕೆಲಸ, ಕೆಂಪಗೆ ಕಂಡ ಸಾಲನ್ನು ನಕಲು ಮಾಡಿ ಹುಡುಕುವುದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಸಾಲನ್ನು ಬರೆದವರು ಯಾರು? ಕ್ಲೌಡ್‌ನಲ್ಲಿ ಓಡುವ ಒಂದು ಜಾವಾ ಆ್ಯಪ್‌ನ ಸುತ್ತ ಕನಿಷ್ಠ ಐದಾರು ಪದರಗಳಿರುತ್ತವೆ. ಬಿಲ್ಡ್ ಮಾಡುವ ಮೇವೆನ್ ಅಥವಾ ಗ್ರೇಡಲ್, ಕೋಡನ್ನು ಓಡಿಸುವ ಜೆವಿಎಂ (ಜಾವಾ ವರ್ಚುವಲ್ ಮಷೀನ್), ಜೆವಿಎಂ ಅನ್ನು ಹೊತ್ತ ಕಂಟೇನರ್ (ಆ್ಯಪನ್ನು ಬೇಕಾದ್ದೆಲ್ಲದರ ಜೊತೆ ಕಟ್ಟಿಟ್ಟ ಪ್ರತ್ಯೇಕ ಪೆಟ್ಟಿಗೆ), ಅದರ ಕೆಳಗಿನ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು), ಎಲ್ಲವನ್ನೂ ಏಳಿಸಿ ಕೂರಿಸುವ ಪ್ಲಾಟ್‌ಫಾರ್ಮ್, ಬಾಗಿಲಲ್ಲಿ ನಿಂತು ರಿಕ್ವೆಸ್ಟ್‌ಗಳನ್ನು ಹಂಚುವ ಲೋಡ್ ಬ್ಯಾಲೆನ್ಸರ್. ಇವೆಲ್ಲವೂ ಮಾತಾಡುತ್ತವೆ, ಪ್ರತಿಯೊಂದೂ ತನಗೆ ಕಂಡಷ್ಟನ್ನೇ ಹೇಳುತ್ತದೆ. ‘502’ ಎಂದು ಲೋಡ್ ಬ್ಯಾಲೆನ್ಸರ್ ಹೇಳಿದರೆ ಒಳಗೆ ಏನಾಯಿತೆಂದು ಅದಕ್ಕೂ ಗೊತ್ತಿಲ್ಲ ಎಂದೇ ಅರ್ಥ. ಕೆಲವೊಮ್ಮೆ ಯಾರೂ ಏನೂ ಹೇಳದಿರುವುದೇ ದೊಡ್ಡ ಸುಳಿವು. ಅದಕ್ಕೆ ಮುಂದೆ ಬರೋಣ.

ಬಿಲ್ಡ್ ಆಯಿತು, ಆದರೆ ಏಳಲೇ ಇಲ್ಲ

ಅತಿ ಸುಲಭದ ಪ್ರಕರಣದಿಂದ ಶುರು ಮಾಡೋಣ. ಲಾಗ್‌ನಲ್ಲಿ ‘ಅನ್‌ಸಪೋರ್ಟೆಡ್ ಕ್ಲಾಸ್ ವರ್ಷನ್ ಎರರ್’ ಕಂಡರೆ ಮಾತಾಡಿದ್ದು ಜೆವಿಎಂ. ನೀವು ಕಂಪೈಲ್ ಮಾಡಿದ ಜಾವಾ ಹೊಸದು, ಸರ್ವರ್‌ನಲ್ಲಿರುವುದು ಹಳೆಯದು. ಪ್ರತಿ ಕ್ಲಾಸ್ ಫೈಲ್‌ನ ತಲೆಯಲ್ಲಿ ಒಂದು ಸಂಖ್ಯೆ ಇರುತ್ತದೆ: ಜಾವಾ 8ಕ್ಕೆ 52, 11ಕ್ಕೆ 55, 17ಕ್ಕೆ 61, 21ಕ್ಕೆ 65. ಆವೃತ್ತಿಗೆ 44 ಕೂಡಿಸಿದರೆ ಸಿಗುವ ಲೆಕ್ಕ ಇದು. ದೋಷದ ಸಾಲಿನಲ್ಲಿ 65 ಮತ್ತು 61 ಎಂದಿದ್ದರೆ ಜಾವಾ 21ರಲ್ಲಿ ಕಂಪೈಲ್ ಆದದ್ದನ್ನು 17ರ ಮೇಲೆ ಓಡಿಸಲು ಹೊರಟಿದ್ದೀರಿ, ಅಷ್ಟೇ.

ಇದಕ್ಕೆ ಸೋರ್ಸ್ ಮತ್ತು ಟಾರ್ಗೆಟ್ ಸೆಟ್ಟಿಂಗ್‌ಗಳನ್ನು ಹಳೆಯ ಆವೃತ್ತಿಗೆ ಇಳಿಸಿ ಸಮಾಧಾನಪಡುವವರಿದ್ದಾರೆ. ಅದು ಅರ್ಧ ಪರಿಹಾರ. ಫೈಲ್‌ನ ತಲೆಯ ಸಂಖ್ಯೆ ಬದಲಾಗುತ್ತದೆ, ಆದರೆ ಕಂಪೈಲರ್ ನೋಡುವ ಲೈಬ್ರರಿ ಹೊಸ ಜಾವಾದ್ದೇ ಆಗಿರುತ್ತದೆ. ಬೈಟ್ ಬಫರ್‌ನ ‘ಫ್ಲಿಪ್’ ಮೆಥಡ್ ಇದಕ್ಕೆ ಹೆಸರುವಾಸಿ ಉದಾಹರಣೆ. ಜಾವಾ 9ರಲ್ಲಿ ಅದು ಹಿಂದಿರುಗಿಸುವ ಟೈಪ್ ಬದಲಾಯಿತು. ಹಾಗಾಗಿ 9ರ ನಂತರದ ಜೆಡಿಕೆಯಲ್ಲಿ (ಕಂಪೈಲರ್ ಸಹಿತವಾದ ಜಾವಾ ಕಿಟ್) ಕಂಪೈಲ್ ಮಾಡಿ 8ರಲ್ಲಿ ಓಡಿಸಿದರೆ, ಇದ್ದಕ್ಕಿದ್ದಂತೆ ‘ನೋ ಸಚ್ ಮೆಥಡ್ ಎರರ್’ ಬರುತ್ತದೆ. ಕೋಡ್‌ನಲ್ಲಿ ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ಜಾವಾ 9ರಿಂದ ಬಂದ ‘ರಿಲೀಸ್’ ಆಯ್ಕೆ ಲೈಬ್ರರಿಯನ್ನೂ ಹಳೆಯ ಆವೃತ್ತಿಗೆ ಕಟ್ಟಿಹಾಕುತ್ತದೆ. ಅದನ್ನೇ ಬಳಸಿ.

‘ನೋ ಸಚ್ ಮೆಥಡ್’ಗೆ ಇದಕ್ಕಿಂತ ಸಾಮಾನ್ಯವಾದ ಕಾರಣ ಬೇರೆ ಇದೆ: ಒಂದೇ ಲೈಬ್ರರಿಯ ಎರಡು ಆವೃತ್ತಿಗಳ ಜಗಳ. ನೀವು ಸೇರಿಸಿದ ಲೈಬ್ರರಿ ತನ್ನ ಹಿಂದೆ ಇನ್ನೊಂದನ್ನು ಎಳೆದು ತರುತ್ತದೆ, ಅದರ ಬೇರೆ ಆವೃತ್ತಿಯನ್ನು ಮತ್ತೊಂದು ಲೈಬ್ರರಿ ತರುತ್ತದೆ. ಮೇವೆನ್ ಇಂಥಲ್ಲಿ ಹೊಸದು ಯಾವುದೆಂದು ನೋಡುವುದಿಲ್ಲ. ಡಿಪೆಂಡೆನ್ಸಿ ಮರದಲ್ಲಿ ನಿಮ್ಮ ಪ್ರಾಜೆಕ್ಟ್‌ಗೆ ಹತ್ತಿರದಲ್ಲಿರುವುದನ್ನು ಆರಿಸಿಕೊಳ್ಳುತ್ತದೆ. ಗ್ರೇಡಲ್ ಸಾಮಾನ್ಯವಾಗಿ ಹೊಸದನ್ನು ಆರಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡ ತಂಡಗಳು ಕೋಡ್‌ನ ಒಂದು ಸಾಲನ್ನೂ ಮುಟ್ಟದೆ ಹೊಸ ದೋಷ ಕಾಣುವುದು ಇದರಿಂದಲೇ. ಮೇವೆನ್‌ನ ‘ಡಿಪೆಂಡೆನ್ಸಿ ಟ್ರೀ’ ಆಜ್ಞೆ ಕೊಟ್ಟು ಮರವನ್ನು ಕಣ್ಣಾರೆ ನೋಡುವುದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಹಳೆಯ ಆ್ಯಪ್‌ಗಳನ್ನು ಹೊಸ ಪ್ಲಾಟ್‌ಫಾರ್ಮ್‌ಗೆ ಸಾಗಿಸುವವರಿಗೆ ಎರಡು ಗುಂಡಿಗಳು ಖಚಿತ. ಒಂದು, ಜಾವಾ 11ರಲ್ಲಿ ಎಕ್ಸ್‌ಎಂಎಲ್ ಓದಿ ಬರೆಯುವ ಜೆಎಎಕ್ಸ್‌ಬಿಯಂಥ ಕೆಲವು ಮಾಡ್ಯೂಲ್‌ಗಳನ್ನು ಜೆಡಿಕೆಯಿಂದಲೇ ತೆಗೆದುಹಾಕಲಾಯಿತು. 8ರಲ್ಲಿ ಪುಕ್ಕಟೆ ಸಿಗುತ್ತಿದ್ದುದನ್ನು ಈಗ ನೀವೇ ಡಿಪೆಂಡೆನ್ಸಿಯಾಗಿ ಸೇರಿಸಬೇಕು. ಇನ್ನೊಂದು ಇದಕ್ಕಿಂತ ಕಿರಿಕಿರಿಯದ್ದು. ಸರ್ವರ್ ಆ್ಯಪ್‌ಗಳ ಮಾನದಂಡವಾದ ಜಾವಾ ಇಇ ಒರಾಕಲ್‌ನಿಂದ ಎಕ್ಲಿಪ್ಸ್ ಫೌಂಡೇಶನ್‌ಗೆ ಹೋಗಿ ಜಕಾರ್ತಾ ಇಇ ಎಂಬ ಹೆಸರು ಪಡೆದ ಮೇಲೆ, 2020ರ ಜಕಾರ್ತಾ ಇಇ 9ರಲ್ಲಿ ಪ್ಯಾಕೇಜ್‌ಗಳ ಹೆಸರು ‘ಜಾವಾಎಕ್ಸ್’ನಿಂದ ‘ಜಕಾರ್ತಾ’ ಆಯಿತು. ಜಾವಾ ವೆಬ್ ಸರ್ವರ್ ಆದ ಟಾಮ್‌ಕ್ಯಾಟ್‌ನ 9ನೇ ಆವೃತ್ತಿ ಹಳೆಯ ಹೆಸರನ್ನು ಬಲ್ಲದು, 10 ಹೊಸದನ್ನು. ಹಳೆಯ ವಾರ್ ಫೈಲನ್ನು (ಕಟ್ಟಿಟ್ಟ ವೆಬ್ ಆ್ಯಪ್) ಟಾಮ್‌ಕ್ಯಾಟ್ 10ರ ಮೇಲೆ ಇಟ್ಟರೆ ಅದು ಗಲಾಟೆಯನ್ನೇ ಮಾಡದೆ ಎಲ್ಲ ಪುಟಕ್ಕೂ 404 (ಪುಟ ಸಿಗಲಿಲ್ಲ) ಕೊಡಬಹುದು, ಏಕೆಂದರೆ ಹಳೆಯ ಅನೋಟೇಶನ್ ಹೊತ್ತ ಸರ್ವ್‌ಲೆಟ್‌ಗಳು, ಅಂದರೆ ರಿಕ್ವೆಸ್ಟ್‌ಗೆ ಉತ್ತರಿಸುವ ಕ್ಲಾಸ್‌ಗಳು, ಅದರ ಕಣ್ಣಿಗೆ ಸರ್ವ್‌ಲೆಟ್‌ಗಳೇ ಅಲ್ಲ. ಸ್ಪ್ರಿಂಗ್ ಬೂಟ್ 3 ಎಂಬ ಜಾವಾ ಫ್ರೇಮ್‌ವರ್ಕ್ ಕೂಡ ಹೊಸ ಹೆಸರಿನ ಪಕ್ಷದಲ್ಲಿದೆ, ಅದಕ್ಕೆ ಕನಿಷ್ಠ ಜಾವಾ 17 ಬೇಕು. 404 ಕಂಡು ಯುಆರ್‌ಎಲ್ ಮ್ಯಾಪಿಂಗ್ ತಿದ್ದುತ್ತ ಕೂರುವ ಮೊದಲು ಟಾಮ್‌ಕ್ಯಾಟ್‌ನ ಆವೃತ್ತಿ ನೋಡಿ.

ಕಂಟೇನರ್ ಶುರುವಾಗುವ ಮೊದಲೇ ‘ಎಕ್ಸೆಕ್ ಫಾರ್ಮ್ಯಾಟ್ ಎರರ್’ ಎಂದರೆ ಅದು ಕರ್ನಲ್‌ನ ದನಿ, ಜಾವಾ ಇನ್ನೂ ಎದ್ದೇ ಇಲ್ಲ. ಆಪಲ್‌ನ ಎಂ ಸರಣಿಯ ಮ್ಯಾಕ್‌ನಲ್ಲಿ ಕಟ್ಟಿದ ಇಮೇಜ್ (ಕಂಟೇನರ್‌ನ ಅಚ್ಚು) ತಾನಾಗಿಯೇ ಆರ್ಮ್ ಪ್ರೊಸೆಸರ್‌ಗೆ ಕಟ್ಟಿಕೊಂಡಿರುತ್ತದೆ, ಸರ್ವರ್ ಇಂಟೆಲ್ ಬಗೆಯದು. ಬಿಲ್ಡ್ ಮಾಡುವಾಗ ಪ್ಲಾಟ್‌ಫಾರ್ಮ್ ಹೆಸರಿಸಿದರೆ ಮುಗಿಯಿತು. ಇನ್ನು ಫೈಲ್ ಸಿಗುತ್ತಿಲ್ಲ ಎಂಬ ದೂರುಗಳು ಬಹುತೇಕ ಎರಡೇ ಬಗೆ. ವಿಂಡೋಸ್ ಮತ್ತು ಮ್ಯಾಕ್‌ಗಳಲ್ಲಿ ಸಾಮಾನ್ಯವಾಗಿ ಫೈಲ್ ಹೆಸರಿನ ದೊಡ್ಡಕ್ಷರ, ಸಣ್ಣಕ್ಷರ ಲೆಕ್ಕಕ್ಕಿಲ್ಲ, ಲಿನಕ್ಸ್‌ನಲ್ಲಿ ಇದೆ. ಎರಡನೆಯದು, ಐಡಿಇಯಲ್ಲಿ (ಕೋಡ್ ಬರೆಯುವ ಸಾಧನ) ಓಡುವಾಗ ರಿಸೋರ್ಸ್ ಫೋಲ್ಡರ್‌ನಲ್ಲಿರುವುದು ನಿಜವಾದ ಫೈಲ್. ಎಲ್ಲವನ್ನೂ ಒಂದೇ ಜಾರ್ ಫೈಲ್ ಆಗಿ ಕಟ್ಟಿದ ಮೇಲೆ ಅದು ಜಿಪ್‌ನೊಳಗಿನ ಒಂದು ತುಣುಕು. ಅದನ್ನು ಫೈಲ್ ಎಂದು ತೆರೆಯಲಾಗದು, ಸ್ಟ್ರೀಮ್ ಆಗಿ ಓದಬೇಕು.

ಎದ್ದಿದೆ, ಆದರೆ ಪ್ಲಾಟ್‌ಫಾರ್ಮ್‌ಗೆ ಕಾಣುತ್ತಿಲ್ಲ

ಲಾಗ್ ನೋಡಿದರೆ ‘ಸ್ಟಾರ್ಟೆಡ್’ ಎಂದು ಜಂಬದಿಂದ ಹೇಳುತ್ತಿರುತ್ತದೆ. ಪ್ಲಾಟ್‌ಫಾರ್ಮ್ ಮಾತ್ರ ಆ್ಯಪ್ ಏಳಲಿಲ್ಲ ಎಂದು ಕೊಂದುಹಾಕುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಹೆರೋಕು, ಗೂಗಲ್ ಕ್ಲೌಡ್ ರನ್ ಮುಂತಾದ ಪ್ಲಾಟ್‌ಫಾರ್ಮ್‌ಗಳು ಯಾವ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳಬೇಕೆಂದು ‘ಪೋರ್ಟ್’ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ ಮೂಲಕ ತಿಳಿಸುತ್ತವೆ. ಕ್ಲೌಡ್ ರನ್‌ನಲ್ಲಿ ಅದು 8080 ಎಂದೇ ಇರುವುದರಿಂದ ಸ್ಪ್ರಿಂಗ್ ಬೂಟ್ ಆ್ಯಪ್ ಅದೃಷ್ಟವಶಾತ್ ಕೆಲಸ ಮಾಡಿಬಿಡುತ್ತದೆ. ಅದೇ ಆ್ಯಪ್ ಹೆರೋಕುಗೆ ಹೋದರೆ ಪೋರ್ಟ್ ಪ್ರತಿಸಲ ಬೇರೆ, ಕೋಡ್‌ನಲ್ಲಿ 8080 ಎಂದು ಬರೆದಿಟ್ಟಿದ್ದರೆ 60 ಸೆಕೆಂಡ್ ಕಾದು ‘ಆರ್10’ ಎಂದು ಗುರುತು ಹಾಕಿ ಮುಗಿಸುತ್ತದೆ.

ಪೋರ್ಟ್ ಸರಿಯಿದ್ದೂ ಸಂಪರ್ಕ ಸಿಗದಿದ್ದರೆ ವಿಳಾಸ ನೋಡಿ. 127.0.0.1 ಮೇಲೆ ಕೂತ ಆ್ಯಪ್ ಕಂಟೇನರ್‌ನ ಒಳಗಿನವರಿಗೆ ಮಾತ್ರ ಓಗೊಡುತ್ತದೆ. ಹೊರಗಿನವರಿಗೆ ಕೇಳಬೇಕಾದರೆ 0.0.0.0 ಮೇಲೆ ಕೂರಬೇಕು. ಇದೇ ತಪ್ಪಿನ ಇನ್ನೊಂದು ಮುಖ ಡೇಟಾಬೇಸ್ ವಿಳಾಸವನ್ನು ‘ಲೋಕಲ್‌ಹೋಸ್ಟ್’ ಎಂದೇ ಬಿಡುವುದು. ಕಂಟೇನರ್‌ನೊಳಗೆ ಲೋಕಲ್‌ಹೋಸ್ಟ್ ಎಂದರೆ ಆ ಕಂಟೇನರ್ ಮಾತ್ರ, ಅಲ್ಲಿ ಡೇಟಾಬೇಸ್ ಇಲ್ಲ.

ನಿಧಾನದ ಕತೆ ಬೇರೆ. ಜಾವಾ ಆ್ಯಪ್ ಏಳುವಾಗ ಸಿಪಿಯುವನ್ನು ಹಿಂಡುತ್ತದೆ: ಸಾವಿರಾರು ಕ್ಲಾಸ್‌ಗಳನ್ನು ಓದಬೇಕು, ಪರಿಶೀಲಿಸಬೇಕು, ಬಿಸಿಯಾದ ಕೋಡನ್ನು ಜಿಟ್ ಕಂಪೈಲರ್ ಯಂತ್ರಭಾಷೆಗೆ ಇಳಿಸಬೇಕು. ಲ್ಯಾಪ್‌ಟಾಪ್‌ನ ಎಂಟು ಕೋರ್‌ಗಳಲ್ಲಿ ಹತ್ತು ಸೆಕೆಂಡ್‌ಗೆ ಮುಗಿಯುತ್ತಿದ್ದುದು ಅರ್ಧ ಸಿಪಿಯು ಕೊಟ್ಟ ಕಂಟೇನರ್‌ನಲ್ಲಿ ನಿಮಿಷ ದಾಟಬಹುದು. ಅರ್ಧ ಸಿಪಿಯು ಎಂದರೆ ನಿಧಾನವಾದ ಸಿಪಿಯು ಎಂದಲ್ಲ. ಲಿನಕ್ಸ್ ಸಾಮಾನ್ಯವಾಗಿ 100 ಮಿಲಿಸೆಕೆಂಡ್‌ಗಳ ಲೆಕ್ಕ ಇಟ್ಟು, ಅದರಲ್ಲಿ 50 ಮಿಲಿಸೆಕೆಂಡ್‌ನ ಪಾಲು ಖರ್ಚಾದ ಕೂಡಲೇ ಉಳಿದ ಸಮಯ ಆ್ಯಪನ್ನು ತಡೆದು ನಿಲ್ಲಿಸುತ್ತದೆ. ಹಲವು ಥ್ರೆಡ್‌ಗಳು (ಆ್ಯಪ್‌ನೊಳಗಿನ ಕೆಲಸದ ಎಳೆಗಳು) ಒಟ್ಟಿಗೆ ಓಡಿದರೆ ಆ ಪಾಲು ಇನ್ನೂ ಬೇಗ ಖಾಲಿ.

ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ನಲ್ಲಿ ಇದಕ್ಕೆ ಲೈವ್‌ನೆಸ್ ಪ್ರೋಬ್ (ಆ್ಯಪ್ ಬದುಕಿದೆಯೇ ಎಂಬ ತಪಾಸಣೆ) ಸೇರಿಕೊಂಡರೆ ದುಷ್ಟಚಕ್ರವೇ ಶುರುವಾಗುತ್ತದೆ. ಪ್ರೋಬ್ ಕೇಳುತ್ತದೆ, ಆ್ಯಪ್ ಇನ್ನೂ ಏಳುತ್ತಿದೆ, ಉತ್ತರವಿಲ್ಲ, ಕೊಲ್ಲು, ಮತ್ತೆ ಮೊದಲಿಂದ. ಪ್ರತಿ ಸಲ ಕಾಯುವ ಅವಧಿ 10, 20, 40 ಸೆಕೆಂಡ್ ಎಂದು ದ್ವಿಗುಣವಾಗುತ್ತ ಐದು ನಿಮಿಷದವರೆಗೆ ಹೋಗುತ್ತದೆ. ಇದೇ ಪ್ರಸಿದ್ಧ ‘ಕ್ರ್ಯಾಶ್ ಲೂಪ್ ಬ್ಯಾಕ್‌ಆಫ್’. ಹೆಸರಿನಲ್ಲಿ ಕ್ರ್ಯಾಶ್ ಇದ್ದರೂ ಆ್ಯಪ್ ಕ್ರ್ಯಾಶ್ ಆಗಿಯೇ ಇಲ್ಲದಿರಬಹುದು. ಏಳುವ ಹಂತಕ್ಕೆಂದೇ ‘ಸ್ಟಾರ್ಟಪ್ ಪ್ರೋಬ್’ ಇದೆ, ಅದು ಪಾಸಾಗುವವರೆಗೆ ಲೈವ್‌ನೆಸ್ ಸುಮ್ಮನಿರುತ್ತದೆ. ಲೈವ್‌ನೆಸ್ ಪರೀಕ್ಷೆಯಲ್ಲಿ ಡೇಟಾಬೇಸ್ ತಪಾಸಣೆಯನ್ನು ಸೇರಿಸುವುದು ನನ್ನ ಪ್ರಕಾರ ಅನಾಹುತಕ್ಕೆ ಆಹ್ವಾನ. ಡೇಟಾಬೇಸ್ ಅರೆಗಳಿಗೆ ತಡವರಿಸಿದರೆ ಎಲ್ಲ ಇನ್‌ಸ್ಟನ್ಸ್‌ಗಳೂ (ಓಡುತ್ತಿರುವ ಆ್ಯಪ್‌ನ ಪ್ರತಿಗಳು) ಒಮ್ಮೆಗೇ ಸತ್ತು, ಒಮ್ಮೆಗೇ ಎದ್ದು, ಆಗತಾನೇ ಚೇತರಿಸಿಕೊಳ್ಳುತ್ತಿರುವ ಡೇಟಾಬೇಸ್ ಮೇಲೆ ಮುಗಿಬೀಳುತ್ತವೆ. ಅಂಥ ತಪಾಸಣೆ ಬೇಕೇ ಬೇಕೆಂದರೆ ರೆಡಿನೆಸ್ ಪ್ರೋಬ್‌ನಲ್ಲಿರಲಿ. ಅದು ಕೊಲ್ಲುವುದಿಲ್ಲ, ಟ್ರಾಫಿಕ್ ನಿಲ್ಲಿಸುತ್ತದಷ್ಟೇ.

ಮೆಮೊರಿ: ಕೂಗಿ ಸತ್ತದ್ದು, ಮಾತಿಲ್ಲದೆ ಸತ್ತದ್ದು

ಯಾರ ದನಿ ಎಂಬ ಪ್ರಶ್ನೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇಲ್ಲಿ. ಜಾವಾ ಆ್ಯಪ್‌ಗೆ ಮೆಮೊರಿ ಸಾಲದಾಗುವುದು ಎರಡು ಬಗೆಯಲ್ಲಿ, ಎರಡರ ಲಕ್ಷಣಗಳೂ ಬೇರೆ, ಮದ್ದು ಬಹುತೇಕ ವಿರುದ್ಧ.

ಮೊದಲನೆಯದರಲ್ಲಿ ಜೆವಿಎಂ ಕೂಗುತ್ತದೆ: ‘ಔಟ್ ಆಫ್ ಮೆಮೊರಿ ಎರರ್’. ಮುಂದೆ ‘ಜಾವಾ ಹೀಪ್ ಸ್ಪೇಸ್’ ಎಂದಿದ್ದರೆ ಹೀಪ್, ಅಂದರೆ ಆ್ಯಪ್‌ನ ಆಬ್ಜೆಕ್ಟ್‌ಗಳು ಇರುವ ಜಾಗ, ತುಂಬಿದೆ. ‘ಮೆಟಾಸ್ಪೇಸ್’ ಎಂದಿದ್ದರೆ ಕ್ಲಾಸ್‌ಗಳ ಮಾಹಿತಿ ಇಡುವ ಜಾಗ ಮುಗಿದಿದೆ. ‘ಅನೇಬಲ್ ಟು ಕ್ರಿಯೇಟ್ ನೇಟಿವ್ ಥ್ರೆಡ್’ ಎಂದಿದ್ದರೆ ಹೀಪ್ ಹೆಚ್ಚಿಸಿ ಪ್ರಯೋಜನವಿಲ್ಲ. ಥ್ರೆಡ್‌ಗಳು ಮಿತಿ ಮೀರಿವೆ. ಒಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ: ಈ ದೋಷ ಬಂದ ಮಾತ್ರಕ್ಕೆ ಜೆವಿಎಂ ಸಾಯುವುದಿಲ್ಲ. ದೋಷ ಸಿಕ್ಕ ಥ್ರೆಡ್ ಸಾಯಬಹುದು, ಉಳಿದದ್ದು ಕುಂಟುತ್ತ ಓಡುತ್ತಿರುತ್ತದೆ. ಹೆಲ್ತ್ ಚೆಕ್‌ಗೆ ಉತ್ತರ ಕೊಡುವ ಥ್ರೆಡ್ ಚೆನ್ನಾಗಿದ್ದು, ಕ್ಯೂ ಓದುವ ಥ್ರೆಡ್ ಸತ್ತಿದ್ದರೆ ಪ್ಲಾಟ್‌ಫಾರ್ಮ್‌ಗೆ ಎಲ್ಲವೂ ಹಸಿರಾಗಿಯೇ ಕಾಣುತ್ತದೆ. ಅರೆಜೀವದ ಆ್ಯಪ್‌ಗಿಂತ ಪೂರ್ತಿ ಸತ್ತದ್ದು ಮೇಲು. ‘ಎಕ್ಸಿಟ್ ಆನ್ ಔಟ್ ಆಫ್ ಮೆಮೊರಿ ಎರರ್’ ಎಂಬ ಜೆವಿಎಂ ಆಯ್ಕೆ ಕೊಟ್ಟರೆ ಅದು ತಕ್ಷಣ ನಿರ್ಗಮಿಸುತ್ತದೆ, ಪ್ಲಾಟ್‌ಫಾರ್ಮ್ ಹೊಸದನ್ನು ಏಳಿಸುತ್ತದೆ.

ಎರಡನೆಯದರಲ್ಲಿ ಲಾಗ್‌ನ ಕೊನೆಯ ಸಾಲು ಯಾವುದೋ ಸಾಮಾನ್ಯ ರಿಕ್ವೆಸ್ಟ್‌ನದ್ದು. ಎಕ್ಸೆಪ್ಶನ್ ಇಲ್ಲ, ಸ್ಟ್ಯಾಕ್ ಟ್ರೇಸ್ ಇಲ್ಲ, ಮಾತಿನ ಮಧ್ಯೆ ಫೋನ್ ಕಟ್ಟಾದ ಹಾಗೆ. ಎಕ್ಸಿಟ್ ಕೋಡ್ ನೋಡಿದರೆ 137. ಈ ಸಂಖ್ಯೆ ತಾನೇ ಅರ್ಥ ಹೇಳುತ್ತದೆ: 128ಕ್ಕೆ ಸಿಗ್ನಲ್ ಸಂಖ್ಯೆ ಕೂಡಿಸಿದ್ದು. 9 ಎಂದರೆ ಸಿಗ್‌ಕಿಲ್, ತಪ್ಪಿಸಿಕೊಳ್ಳಲಾಗದ ಸಾವು. ಹೆಚ್ಚಾಗಿ ಇದು ಕರ್ನಲ್‌ನ ಕೆಲಸ. ಕಂಟೇನರ್ ತನ್ನ ಮೆಮೊರಿ ಮಿತಿ ದಾಟಿದಾಗ ಅದು ಒಂದು ಮಾತೂ ಕೇಳದೆ ಕೊಲ್ಲುತ್ತದೆ, ಜೆವಿಎಂಗೆ ಉಸಿರೆತ್ತುವ ಅವಕಾಶವೂ ಇರುವುದಿಲ್ಲ. ಕುಬರ್ನೆಟಿಸ್ ಇದನ್ನು ‘ಓಓಎಂ ಕಿಲ್ಡ್’ ಎಂದು ದಾಖಲಿಸುತ್ತದೆ. ಅದೇ 143 ಇದ್ದರೆ 128 ಮತ್ತು 15: ಸಿಗ್‌ಟರ್ಮ್, ಅಂದರೆ ಯಾರೋ ಮರ್ಯಾದೆಯಿಂದ ನಿಲ್ಲಿಸಲು ಹೇಳಿದ್ದಾರೆ. ಅದು ಮೆಮೊರಿ ಸಮಸ್ಯೆ ಅಲ್ಲ.

137 ಕಂಡವರು ಮಾಡುವ ತಪ್ಪು ಹೀಪ್ ಹೆಚ್ಚಿಸುವುದು. ಅದರಿಂದ ರೋಗ ಉಲ್ಬಣಿಸುತ್ತದೆ. ಏಕೆಂದರೆ ಜೆವಿಎಂ ಬಳಸುವ ಮೆಮೊರಿಯಲ್ಲಿ ಹೀಪ್ ಒಂದು ಭಾಗ ಮಾತ್ರ. ಮೆಟಾಸ್ಪೇಸ್ ಇದೆ, ಜಿಟ್ ಕಂಪೈಲ್ ಮಾಡಿದ ಕೋಡ್ ಇಡುವ ಕೋಡ್ ಕ್ಯಾಶ್ ಇದೆ, 64 ಬಿಟ್ ಲಿನಕ್ಸ್‌ನಲ್ಲಿ ಪ್ರತಿ ಥ್ರೆಡ್‌ಗೆ ಸಾಮಾನ್ಯವಾಗಿ 1 ಎಂಬಿಯವರೆಗೆ ಬೆಳೆಯಬಲ್ಲ ಸ್ಟ್ಯಾಕ್ ಇದೆ, ನೆಟ್‌ವರ್ಕ್ ಲೈಬ್ರರಿಗಳು ಬಳಸುವ ಡೈರೆಕ್ಟ್ ಬಫರ್‌ಗಳಿವೆ, ಬಳಕೆ ಮುಗಿದ ಮೆಮೊರಿಯನ್ನು ತೆರವು ಮಾಡುವ ಗಾರ್ಬೇಜ್ ಕಲೆಕ್ಟರ್‌ನ ಸ್ವಂತ ಲೆಕ್ಕಪುಸ್ತಕವೂ ಇದೆ. 1 ಜಿಬಿ ಮಿತಿಯ ಕಂಟೇನರ್‌ನಲ್ಲಿ ಹೀಪ್‌ಗೂ 1 ಜಿಬಿ ಕೊಟ್ಟರೆ ಇವೆಲ್ಲ ಎಲ್ಲಿಗೆ ಹೋಗಬೇಕು? ಹೀಪ್ ಇನ್ನೂ ತುಂಬಿಲ್ಲ ಎಂದು ಜೆವಿಎಂ ನೆಮ್ಮದಿಯಾಗಿರುತ್ತದೆ, ಅಷ್ಟರಲ್ಲಿ ಕರ್ನಲ್ ಕತ್ತಿ ಬೀಸಿರುತ್ತದೆ. ಇಂಥಲ್ಲಿ ಹೀಪ್ ಇಳಿಸಬೇಕು ಅಥವಾ ಕಂಟೇನರ್ ಮಿತಿ ಏರಿಸಬೇಕು.

ಏನೂ ಹೇಳದೆ ಬಿಟ್ಟರೆ ಜೆವಿಎಂ ತನಗೆ ಕಂಡ ಮೆಮೊರಿಯ ಕಾಲು ಭಾಗವನ್ನು ಹೀಪ್‌ನ ಮಿತಿಯಾಗಿ ಇಟ್ಟುಕೊಳ್ಳುತ್ತದೆ. 1 ಜಿಬಿ ಕಂಟೇನರ್‌ನಲ್ಲಿ 256 ಎಂಬಿ. ಉಳಿದಿದ್ದರಲ್ಲಿ ಬಹುಪಾಲು ವ್ಯರ್ಥ. ಸ್ಥಿರ ಸಂಖ್ಯೆಯ ಬದಲು ‘ಮ್ಯಾಕ್ಸ್ ರ್‍ಯಾಮ್ ಪರ್ಸೆಂಟೇಜ್’ ಆಯ್ಕೆಯಲ್ಲಿ ಶೇಕಡಾವಾರು ಕೊಡುವುದು ಒಳ್ಳೆಯದು. ಶೇ 75 ಎಂಬುದು ಹಲವರು ಆರಂಭಿಸುವ ಸಂಖ್ಯೆ. ಚಿಕ್ಕ ಕಂಟೇನರ್‌ನಲ್ಲಿ ಅದೂ ಜಾಸ್ತಿಯೇ, ಏಕೆಂದರೆ ಹೀಪ್ ಅಲ್ಲದ ಭಾಗ ಕಂಟೇನರ್ ಚಿಕ್ಕದಾಯಿತೆಂದು ತಾನೂ ಚಿಕ್ಕದಾಗುವುದಿಲ್ಲ.

‘ತನಗೆ ಕಂಡ ಮೆಮೊರಿ’ ಎಂದೆನಲ್ಲ, ಅಲ್ಲೂ ಒಂದು ಮೋಸವಿದೆ. ಹಳೆಯ ಜೆವಿಎಂಗಳಿಗೆ ಕಂಟೇನರ್ ಎಂಬುದೇ ಗೊತ್ತಿರಲಿಲ್ಲ. 64 ಜಿಬಿ ಯಂತ್ರದ ಮೇಲಿನ 1 ಜಿಬಿ ಕಂಟೇನರ್‌ನಲ್ಲಿ ಕೂತು ತನಗೆ 16 ಜಿಬಿ ಹೀಪ್ ಇದೆ ಎಂದು ನಂಬಿಕೊಳ್ಳುತ್ತಿದ್ದವು. ಜಾವಾ 10ರಲ್ಲಿ ಇದು ಸರಿಹೋಯಿತು, ಜಾವಾ 8ಕ್ಕೂ ಅಪ್‌ಡೇಟ್ 191ರಲ್ಲಿ ಬಂತು. ಅಷ್ಟಕ್ಕೇ ಮುಗಿಯಲಿಲ್ಲ. ಲಿನಕ್ಸ್ ಕಂಟೇನರ್‌ಗಳಿಗೆ ಮಿತಿ ಹಾಕುವ ಸಿಗ್ರೂಪ್ ವ್ಯವಸ್ಥೆಯ ಎರಡನೇ ಆವೃತ್ತಿ ಬಂದಾಗ ಹಳೆಯ ಜೆವಿಎಂಗಳು ಮತ್ತೆ ಕುರುಡಾದವು. ಅದನ್ನು ಓದಲು ಬರುವುದು ಜಾವಾ 15ರಿಂದ, ಹಿಂದಿನವುಗಳಲ್ಲಿ 11.0.16 ಮತ್ತು 8ರ ಅಪ್‌ಡೇಟ್ 372ರಿಂದ. ಹಾಗಾಗಿ ಆ್ಯಪ್‌ನಲ್ಲಿ ಏನೂ ಬದಲಾಗದೆ, ಪ್ಲಾಟ್‌ಫಾರ್ಮ್‌ನವರು ಕೆಳಗಿನ ಯಂತ್ರಗಳನ್ನು ಹೊಸ ಲಿನಕ್ಸ್‌ಗೆ ಏರಿಸಿದ ಮರುದಿನದಿಂದ 137 ಶುರುವಾದರೆ, ಮೊದಲು ಜೆಡಿಕೆಯ ಪೂರ್ತಿ ಆವೃತ್ತಿ ಸಂಖ್ಯೆ ನೋಡಿ. ‘ಜಾವಾ 11’ ಎಂದಷ್ಟೇ ಗೊತ್ತಿದ್ದರೆ ಸಾಲದು.

ಇದರ ಜೊತೆಗೇ ಒಂದು ಸಣ್ಣ ಅಚ್ಚರಿ: ಎರಡಕ್ಕಿಂತ ಕಡಿಮೆ ಸಿಪಿಯು ಅಥವಾ ಸುಮಾರು 1.8 ಜಿಬಿಗಿಂತ ಕಡಿಮೆ ಮೆಮೊರಿ ಕಂಡರೆ ಜೆವಿಎಂ ಜಿ1 ಬದಲು ಸೀರಿಯಲ್ ಗಾರ್ಬೇಜ್ ಕಲೆಕ್ಟರನ್ನು ಆರಿಸಿಕೊಳ್ಳುವುದು ಬಹುಕಾಲದ ರೂಢಿ. ಪರೀಕ್ಷಾ ಯಂತ್ರದಲ್ಲಿ ಕಾಣದ ದೀರ್ಘ ವಿರಾಮಗಳು ಪ್ರೊಡಕ್ಷನ್‌ನಲ್ಲಿ ಕಾಣುವುದಕ್ಕೆ ಇದೂ ಒಂದು ಕಾರಣ.

ಡೇಟಾಬೇಸ್‌ನ ಬಾಗಿಲಲ್ಲಿ ನೂಕುನುಗ್ಗಲು

ಡಿಪ್ಲಾಯ್ ಮಾಡುವ, ಅಂದರೆ ಹೊಸ ಆವೃತ್ತಿಯನ್ನು ಸರ್ವರ್‌ಗೆ ಏರಿಸುವ ಐದು ನಿಮಿಷ ಮಾತ್ರ ದೋಷ, ಆಮೇಲೆ ತಾನೇ ಸರಿಹೋಗುತ್ತದೆ. ಇಂಥ ದೂರು ಬಂದಾಗ ಒಂದು ಸರಳ ಗುಣಾಕಾರ ಮಾಡಿ ನೋಡಬೇಕು. ಸ್ಪ್ರಿಂಗ್ ಬೂಟ್ ತಾನಾಗಿ ಬಳಸುವ ಹಿಕಾರಿ ಕನೆಕ್ಷನ್ ಪೂಲ್‌ನ (ಮತ್ತೆ ಮತ್ತೆ ಬಳಸಲು ತೆರೆದಿಟ್ಟ ಡೇಟಾಬೇಸ್ ಸಂಪರ್ಕಗಳ ಗುಂಪು) ಗರಿಷ್ಠ ಗಾತ್ರ, ನೀವೇನೂ ಹೇಳದಿದ್ದರೆ, 10. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಮೂಲ ಮಿತಿ 100 ಕನೆಕ್ಷನ್, ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು, ಉಳಿಯುವುದು 97. ಆ್ಯಪ್‌ನ 5 ಇನ್‌ಸ್ಟನ್ಸ್‌ಗಳಿದ್ದರೆ 50 ಕನೆಕ್ಷನ್, ಆರಾಮ. ಆದರೆ ಹಳೆಯ ಗುಂಪನ್ನು ಹಾಗೇ ಇಟ್ಟುಕೊಂಡು ಹೊಸ ಗುಂಪನ್ನು ಪೂರ್ತಿ ಏಳಿಸಿ ಆಮೇಲೆ ಟ್ರಾಫಿಕ್ ತಿರುಗಿಸುವ ಬಗೆಯ ಡಿಪ್ಲಾಯ್ ಆದರೆ, ಕೆಲಕಾಲ 10 ಇನ್‌ಸ್ಟನ್ಸ್‌ಗಳು ಒಟ್ಟಿಗೆ ಇರುತ್ತವೆ. 100 ಕನೆಕ್ಷನ್ ಬೇಕು, ಇರುವುದು 97. ಕೊನೆಗೆ ಎದ್ದ ಬಡಪಾಯಿ ಇನ್‌ಸ್ಟನ್ಸ್ ಹೊರಗುಳಿಯುತ್ತದೆ. ಆಟೋಸ್ಕೇಲಿಂಗ್ ಇದ್ದರಂತೂ ಟ್ರಾಫಿಕ್ ಹೆಚ್ಚಾದ ದಿನವೇ ಇದು ಸಂಭವಿಸುತ್ತದೆ.

ಇಲ್ಲೂ ಮಾತಾಡಿದವರು ಯಾರೆಂದು ನೋಡಿ. ‘ಟೂ ಮೆನಿ ಕ್ಲೈಂಟ್ಸ್’ ಎಂದರೆ ಅದು ಡೇಟಾಬೇಸ್‌ನ ದನಿ, ಒಟ್ಟು ಸಂಖ್ಯೆ ಮೀರಿದೆ. ‘ಕನೆಕ್ಷನ್ ಈಸ್ ನಾಟ್ ಅವೇಲಬಲ್, ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದು 30 ಸೆಕೆಂಡ್ ಆದ ಮೇಲೆ ಬಂದರೆ ಅದು ಹಿಕಾರಿಯದ್ದು. ಡೇಟಾಬೇಸ್‌ನಲ್ಲಿ ಜಾಗವಿದ್ದೂ ನಿಮ್ಮ ಪೂಲ್‌ನ ಹತ್ತೂ ಕನೆಕ್ಷನ್‌ಗಳನ್ನು ಯಾರೋ ಹಿಡಿದುಕೊಂಡಿದ್ದಾರೆ. ಪೂಲ್ ದೊಡ್ಡದು ಮಾಡುವುದು ಸುಲಭದ ಮದ್ದು, ಆದರೆ ಅದಕ್ಕೆ ಕೈಹಾಕುವ ಮೊದಲು ಯಾರು ಹಿಡಿದಿದ್ದಾರೆಂದು ಪತ್ತೆ ಮಾಡಿ. ಪದೇಪದೇ ಸಿಗುವ ಅಪರಾಧಿ ಟ್ರಾನ್ಸಾಕ್ಷನ್‌ನ ನಡುವೆ ಬೇರೊಂದು ಸೇವೆಗೆ ಎಚ್‌ಟಿಟಿಪಿ ಕರೆ ಮಾಡುವ ಕೋಡ್. ಆ ಸೇವೆ ನಿಧಾನವಾದರೆ ಅದು ಉತ್ತರಿಸುವವರೆಗೆ ಕನೆಕ್ಷನ್ ಸುಮ್ಮನೆ ಒತ್ತೆ ಬಿದ್ದಿರುತ್ತದೆ. ಹಿಕಾರಿಯ ‘ಲೀಕ್ ಡಿಟೆಕ್ಷನ್ ಥ್ರೆಶೋಲ್ಡ್’ ಇಟ್ಟರೆ ತುಂಬ ಹೊತ್ತು ಹಿಡಿದುಕೊಂಡ ಕೋಡ್‌ನ ಸ್ಟ್ಯಾಕ್ ಟ್ರೇಸನ್ನೇ ಬರೆದು ಕೊಡುತ್ತದೆ.

ಮೂರನೇ ಬಗೆಯೊಂದಿದೆ: ಸ್ವಲ್ಪ ಹೊತ್ತು ಯಾರೂ ಬಳಸದ ಮೇಲೆ ಬರುವ ಮೊದಲ ರಿಕ್ವೆಸ್ಟ್ ಮಾತ್ರ ಸೋಲುತ್ತದೆ. ನಡುವಿನ ನೆಟ್‌ವರ್ಕ್ ಸಾಧನಗಳು ನಿಷ್ಕ್ರಿಯ ಕನೆಕ್ಷನ್‌ಗಳನ್ನು ಸದ್ದಿಲ್ಲದೆ ಮರೆತುಬಿಡುತ್ತವೆ. ಅಮೆಜಾನ್‌ನ ನ್ಯಾಟ್ ಗೇಟ್‌ವೇಯಲ್ಲಿ ಈ ಅವಧಿ 350 ಸೆಕೆಂಡ್, ಅಜೂರ್‌ನ ಲೋಡ್ ಬ್ಯಾಲೆನ್ಸರ್‌ನಲ್ಲಿ ಮೂಲತಃ 4 ನಿಮಿಷ. ಪೂಲ್ ಮಾತ್ರ ಕನೆಕ್ಷನ್ ಜೀವಂತವಿದೆ ಎಂದು ನಂಬಿರುತ್ತದೆ. ಹಿಕಾರಿಯ ‘ಕೀಪ್ ಅಲೈವ್ ಟೈಮ್’ ಅನ್ನು ಆ ಅವಧಿಗಿಂತ ಕಡಿಮೆ ಇಟ್ಟರೆ ತೊಂದರೆ ತೀರುತ್ತದೆ.

502, 503, 504

ಈ ಮೂರೂ ಸಂಖ್ಯೆಗಳನ್ನು ಒಂದೇ ಗಂಟಿಗೆ ಕಟ್ಟಿ ‘ಸರ್ವರ್ ಡೌನ್’ ಎನ್ನುವುದು ರೂಢಿ. ಆದರೆ 503 ಎಂದರೆ ಸಾಮಾನ್ಯವಾಗಿ ಕಳಿಸಲು ಆರೋಗ್ಯವಂತ ಇನ್‌ಸ್ಟನ್ಸ್ ಯಾವುದೂ ಸಿಗಲಿಲ್ಲ. 504 ಎಂದರೆ ಕಳಿಸಿದೆ, ಉತ್ತರಕ್ಕೆ ಕಾದು ಸಾಕಾಯಿತು. 502 ಎಂದರೆ ಕಳಿಸಿದೆ, ಬಂದ ಉತ್ತರ ಅರ್ಥವಾಗಲಿಲ್ಲ ಅಥವಾ ಸಂಪರ್ಕ ಮಧ್ಯದಲ್ಲೇ ತುಂಡಾಯಿತು. ಇದು ಲೋಡ್ ಬ್ಯಾಲೆನ್ಸರ್‌ನ ಮಾತೋ ಆ್ಯಪ್‌ನದೋ ಎಂಬ ಸಂಶಯವಿದ್ದರೆ ಆ್ಯಪ್‌ನ ಆಕ್ಸೆಸ್ ಲಾಗ್‌ನಲ್ಲಿ ಆ ರಿಕ್ವೆಸ್ಟ್ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ಅದು ಒಳಗೆ ತಲುಪಿಯೇ ಇಲ್ಲ, ಅಥವಾ ತಲುಪಿ ಮುಗಿದೇ ಇಲ್ಲ.

ದಿನಕ್ಕೆ ಅಲ್ಲೊಂದು ಇಲ್ಲೊಂದು 502 ಬಂದು, ಯಾವ ಲಾಗ್‌ನಲ್ಲೂ ಕಾರಣ ಸಿಗದಿದ್ದರೆ ಕೀಪ್ ಅಲೈವ್ ಅವಧಿಗಳನ್ನು ಹೋಲಿಸಿ. ಅಮೆಜಾನ್‌ನ ಅಪ್ಲಿಕೇಶನ್ ಲೋಡ್ ಬ್ಯಾಲೆನ್ಸರ್ ಒಂದು ನಿಷ್ಕ್ರಿಯ ಸಂಪರ್ಕವನ್ನು ಮೂಲತಃ 60 ಸೆಕೆಂಡ್ ತೆರೆದಿಟ್ಟುಕೊಳ್ಳುತ್ತದೆ. ಟಾಮ್‌ಕ್ಯಾಟ್‌ನ ಜೊತೆ ಬರುವ ಕಾನ್ಫಿಗರೇಶನ್ ಫೈಲ್‌ನಲ್ಲಿ ಈ ಅವಧಿ 20 ಸೆಕೆಂಡ್. ಟಾಮ್‌ಕ್ಯಾಟ್ ಮುಚ್ಚುವ ಕ್ಷಣದಲ್ಲೇ ಲೋಡ್ ಬ್ಯಾಲೆನ್ಸರ್ ಅದೇ ಸಂಪರ್ಕದಲ್ಲಿ ಹೊಸ ರಿಕ್ವೆಸ್ಟ್ ತಳ್ಳಿದರೆ ಫಲಿತಾಂಶ 502. ಆ್ಯಪ್‌ನ ಅವಧಿ ಲೋಡ್ ಬ್ಯಾಲೆನ್ಸರ್‌ನದ್ದಕ್ಕಿಂತ ಹೆಚ್ಚಿರಬೇಕು, ಅಂದರೆ ಮುಚ್ಚುವ ಹಕ್ಕು ಯಾವಾಗಲೂ ಮುಂದೆ ನಿಂತವನದ್ದು.

ಡಿಪ್ಲಾಯ್ ಹೊತ್ತಿನಲ್ಲೇ 502 ಬರುವುದಾದರೆ ಅನುಮಾನ ನಿಲ್ಲಿಸುವ ವಿಧಾನದ ಮೇಲೆ ಹೋಗಬೇಕು. ಕುಬರ್ನೆಟಿಸ್ ಮೊದಲು ಸಿಗ್‌ಟರ್ಮ್ ಕಳಿಸಿ ಮೂಲತಃ 30 ಸೆಕೆಂಡ್ ಕಾಯುತ್ತದೆ, ಆಮೇಲೆ ಸಿಗ್‌ಕಿಲ್. ಕ್ಲೌಡ್ ರನ್ ಕಾಯುವುದು 10 ಸೆಕೆಂಡ್. ಆ ಅವಧಿಯಲ್ಲಿ ಕೈಯಲ್ಲಿರುವ ಕೆಲಸ ಮುಗಿಸಿ ಹೊರಡಬೇಕು. ಆದರೆ ಡಾಕರ್ ಫೈಲ್‌ನಲ್ಲಿ (ಇಮೇಜ್ ಕಟ್ಟುವ ಸೂಚನೆಗಳ ಫೈಲ್) ಎಂಟ್ರಿಪಾಯಿಂಟನ್ನು, ಅಂದರೆ ಮೊದಲು ಓಡುವ ಆಜ್ಞೆಯನ್ನು, ಚೌಕಾವರಣದ ಪಟ್ಟಿಯಾಗಿ ಬರೆಯದೆ ಬರೀ ವಾಕ್ಯದಂತೆ ಬರೆದರೆ, ಮೊದಲ ಪ್ರೊಸೆಸ್ ಶೆಲ್ (ಆಜ್ಞೆಗಳನ್ನು ಓಡಿಸುವ ಪ್ರೋಗ್ರಾಂ) ಆಗುತ್ತದೆ, ಜಾವಾ ಅದರ ಮಗು. ಸಿಗ್ನಲ್ ಶೆಲ್‌ಗೆ ಸಿಗುತ್ತದೆ, ಶೆಲ್ ಅದನ್ನು ಮಗುವಿಗೆ ದಾಟಿಸದೆ ಇರಬಹುದು. ಆಗ ಪ್ರತಿ ಡಿಪ್ಲಾಯ್‌ನಲ್ಲೂ ಸರಿಯಾಗಿ ಮೂವತ್ತು ಸೆಕೆಂಡ್ ನಿಂತು ನಂತರ 137 ಕಾಣುತ್ತದೆ. ಇದು 137 ಆದರೂ ಮೆಮೊರಿಯದ್ದಲ್ಲ, ಗಮನಿಸಿ. ಈ ಸಿಗ್‌ಕಿಲ್ ಕರ್ನಲ್‌ನ ಸ್ವಂತ ತೀರ್ಮಾನವಲ್ಲ, ಪ್ಲಾಟ್‌ಫಾರ್ಮ್ ಕಳಿಸಿದ್ದು. ಶೆಲ್ ಸ್ಕ್ರಿಪ್ಟ್ ಬೇಕೇ ಬೇಕೆಂದರೆ ಕೊನೆಯ ಸಾಲಿನಲ್ಲಿ ಜಾವಾದ ಮುಂದೆ ‘ಎಕ್ಸೆಕ್’ ಸೇರಿಸಿ.

ಚಿಲ್ಲರೆ ಕಾಟಗಳು

ದಿನಾಂಕ ಒಂದು ದಿನ ಹಿಂದೆಮುಂದೆ ಆಗುವುದು: ಕಂಟೇನರ್‌ಗಳ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ. ಕೋಡ್‌ನಲ್ಲಿ ಟೈಮ್‌ಝೋನ್ ಹೆಸರಿಸದೆ ಇವತ್ತಿನ ದಿನಾಂಕ ಕೇಳಿದರೆ ಯಂತ್ರದ ಇವತ್ತೇ ಸಿಗುತ್ತದೆ, ನಿಮ್ಮದಲ್ಲ. ಕನ್ನಡದ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಬರುವುದು: ಜಾವಾ 18ಕ್ಕಿಂತ ಮುಂಚೆ ಅಕ್ಷರ ಸಂಕೇತ ಆಪರೇಟಿಂಗ್ ಸಿಸ್ಟಮ್‌ನ ಲೊಕೇಲ್‌ನಿಂದ ಬರುತ್ತಿತ್ತು, ಲೊಕೇಲ್ ಹೊಂದಿಸದ ಕಂಟೇನರ್‌ನಲ್ಲಿ ಅದು ಬರೀ ಆಸ್ಕಿ. 18ರಿಂದ ಯುಟಿಎಫ್‌-8 ಮೂಲ ಆಯ್ಕೆಯಾಯಿತು.

ರಾತ್ರಿ ಹೋಗಬೇಕಾದ ಒಂದು ಇಮೇಲ್ ಮೂರು ಬಾರಿ ಹೋದರೆ ಹೆದರಬೇಡಿ, ಮೂರು ಇನ್‌ಸ್ಟನ್ಸ್‌ಗಳಿವೆ, ಮೂರರಲ್ಲೂ ಶೆಡ್ಯೂಲರ್ ಇದೆ. ಡೇಟಾಬೇಸ್‌ನಲ್ಲಿ ಒಂದು ಲಾಕ್ ಇಟ್ಟು ಒಬ್ಬರಿಗೆ ಮಾತ್ರ ಅವಕಾಶ ಕೊಡಿ. ಬಳಕೆದಾರರು ಆಗಾಗ ಲಾಗೌಟ್ ಆಗುತ್ತಿದ್ದರೆ ಸೆಷನ್ ಒಂದೇ ಇನ್‌ಸ್ಟನ್ಸ್‌ನ ಮೆಮೊರಿಯಲ್ಲಿದೆ. ಅಪ್‌ಲೋಡ್ ಮಾಡಿದ ಚಿತ್ರಗಳು ಮರುದಿನ ಮಾಯವಾದರೆ ಅವು ಕಂಟೇನರ್‌ನ ಡಿಸ್ಕ್‌ನಲ್ಲಿದ್ದವು. ಕ್ಲೌಡ್ ರನ್‌ನಂಥ ಕಡೆ ಆ ‘ಡಿಸ್ಕ್’ಗೆ ಬರೆದದ್ದು ಮೆಮೊರಿಯ ಲೆಕ್ಕಕ್ಕೇ ಬೀಳುತ್ತದೆ, ಮತ್ತೆ ಮೆಮೊರಿ ಮಿತಿಯ ಕತೆ.

‘ಪಿಕೆಐಎಕ್ಸ್ ಪಾತ್ ಬಿಲ್ಡಿಂಗ್ ಫೇಲ್ಡ್’ ಎಂದರೆ ಎದುರಿನ ಸರ್ವರ್‌ನ ಪ್ರಮಾಣಪತ್ರವನ್ನು ನಂಬಲು ಜೆವಿಎಂಗೆ ದಾರಿ ಸಿಗಲಿಲ್ಲ. ಬ್ರೌಸರ್‌ನಲ್ಲಿ ಸರಿಯಾಗಿ ತೆರೆಯುತ್ತದಲ್ಲ ಎಂಬುದು ಇಲ್ಲಿ ವಾದವಾಗುವುದಿಲ್ಲ. ಜಾವಾಕ್ಕೆ ತನ್ನದೇ ಟ್ರಸ್ಟ್‌ಸ್ಟೋರ್ (ನಂಬುವ ಪ್ರಮಾಣಪತ್ರಗಳ ಸಂಗ್ರಹ) ಇದೆ, ಮತ್ತು ಸರ್ವರ್ ನಡುವಿನ ಪ್ರಮಾಣಪತ್ರವನ್ನು ಕಳಿಸದಿದ್ದರೆ ಹಲವು ಬ್ರೌಸರ್‌ಗಳು ಅದನ್ನು ತಾವೇ ಹುಡುಕಿಕೊಳ್ಳುತ್ತವೆ, ಜಾವಾ ತಾನಾಗಿ ಹುಡುಕುವುದಿಲ್ಲ. ಪರಿಶೀಲನೆಯನ್ನೇ ಆಫ್ ಮಾಡುವ ಕೋಡ್ ಎಲ್ಲೆಲ್ಲೂ ಸಿಗುತ್ತದೆ. ದಯವಿಟ್ಟು ಅದನ್ನು ಬಳಸಬೇಡಿ.

ರೀಸ್ಟಾರ್ಟ್‌ಗೆ ಮುಂಚೆ

ಸ್ಟ್ಯಾಕ್ ಟ್ರೇಸ್ ಉದ್ದವಾಗಿದ್ದರೆ ಮೇಲಿನಿಂದ ಓದಬೇಡಿ, ಕೊನೆಯ ‘ಕಾಸ್ಡ್ ಬೈ’ ಹುಡುಕಿ. ಸ್ಪ್ರಿಂಗ್‌ನಲ್ಲಿ ಮೇಲೆ ಕಾಣುವ ‘ಬೀನ್ ಕ್ರಿಯೇಶನ್ ಎಕ್ಸೆಪ್ಶನ್’ ಬರೀ ಹೊರಗಿನ ಸಿಪ್ಪೆ, ಡೇಟಾಬೇಸ್ ಪಾಸ್‌ವರ್ಡ್ ತಪ್ಪಿದೆ ಎಂಬ ಮಾತು ಅತಿ ಕೆಳಗಿರುತ್ತದೆ. ‘ನೋ ಕ್ಲಾಸ್ ಡೆಫ್ ಫೌಂಡ್’ ಜೊತೆ ‘ಕುಡ್ ನಾಟ್ ಇನಿಶಿಯಲೈಸ್’ ಎಂದಿದ್ದರೆ ಕ್ಲಾಸ್ ಇದೆ, ಅದರ ಸ್ಟ್ಯಾಟಿಕ್ ಭಾಗ ಇದಕ್ಕೂ ಮುಂಚೆ ಒಮ್ಮೆ ಸೋತಿದೆ. ನಿಜವಾದ ಕಾರಣ ಲಾಗ್‌ನಲ್ಲಿ ಇನ್ನೂ ಹಿಂದೆ, ಮೊದಲ ಸಲ ಬಿದ್ದ ಜಾಗದಲ್ಲಿದೆ.

ಆ್ಯಪ್ ಸತ್ತಿಲ್ಲ, ಉತ್ತರಿಸುತ್ತಲೂ ಇಲ್ಲ ಎಂದಾಗ ಎಲ್ಲರ ಕೈ ರೀಸ್ಟಾರ್ಟ್ ಗುಂಡಿಯತ್ತ ಹೋಗುತ್ತದೆ. ಒತ್ತಿ, ತಪ್ಪಿಲ್ಲ, ಬಳಕೆದಾರರು ಕಾಯುತ್ತಿದ್ದಾರೆ. ಅದಕ್ಕೆ ಮುಂಚೆ ಅರ್ಧ ನಿಮಿಷ ಕೊಟ್ಟು ಥ್ರೆಡ್ ಡಂಪ್ ತೆಗೆದುಕೊಳ್ಳಿ. ಚಿಕ್ಕ ಇಮೇಜ್‌ಗಳಲ್ಲಿ ಬರೀ ಜೆಆರ್‌ಇ (ಆ್ಯಪ್ ಓಡಿಸಲಷ್ಟೇ ಸಾಕಾಗುವ ಜಾವಾ) ಇರುವುದರಿಂದ ಡಂಪ್ ತೆಗೆಯುವ ಜೆಸ್ಟ್ಯಾಕ್, ಜೆಸಿಎಂಡಿ ಸಿಗದಿರಬಹುದು. ಆಗ ಜಾವಾ ಪ್ರೊಸೆಸ್‌ಗೆ ಸಿಗ್‌ಕ್ವಿಟ್, ಅಂದರೆ 3ನೇ ಸಿಗ್ನಲ್ ಕಳಿಸಿ. ಹೆಸರಿನಲ್ಲಿ ‘ಕ್ವಿಟ್’ ಇದ್ದರೂ ಜೆವಿಎಂ ಸಾಯುವುದಿಲ್ಲ, ಪ್ರತಿ ಥ್ರೆಡ್ ಎಲ್ಲಿ ನಿಂತಿದೆ ಎಂಬುದನ್ನು ತನ್ನ ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯುತ್ತದೆ, ಅದು ಮಾಮೂಲಿ ಲಾಗ್ ಜೊತೆಗೇ ಬರುತ್ತದೆ. ಐದಾರು ಸೆಕೆಂಡ್ ಬಿಟ್ಟು ಮೂರು ಸಲ ತೆಗೆದರೆ ನಿಂತಲ್ಲೇ ನಿಂತ ಥ್ರೆಡ್‌ಗಳು ಬೇರೆಯಾಗಿ ಕಾಣುತ್ತವೆ. ಹೀಪ್ ಡಂಪ್ (ಹೀಪ್‌ನ ಪೂರ್ತಿ ನಕಲು) ಬೇಕಿದ್ದರೆ ‘ಹೀಪ್ ಡಂಪ್ ಆನ್ ಔಟ್ ಆಫ್ ಮೆಮೊರಿ ಎರರ್’ ಆಯ್ಕೆಯನ್ನು ಮೊದಲೇ ಹಾಕಿಟ್ಟಿರಬೇಕು, ಡಂಪ್ ಬರೆಯುವ ಜಾಗ ಕಂಟೇನರ್ ಸತ್ತರೂ ಉಳಿಯುವ ವಾಲ್ಯೂಮ್ ಆಗಿರಬೇಕು, ಆ ವಾಲ್ಯೂಮ್‌ನಲ್ಲಿ ಹೀಪ್‌ನ ಗಾತ್ರಕ್ಕಿಂತ ಹೆಚ್ಚು ಜಾಗ ಖಾಲಿ ಇರಬೇಕು. ಡಂಪ್‌ನಲ್ಲಿ ಪಾಸ್‌ವರ್ಡ್‌ಗಳು, ಬಳಕೆದಾರರ ವಿವರಗಳು ಬಿಚ್ಚಿಟ್ಟಂತೆ ಇರುತ್ತವೆ, ಹಾಗಾಗಿ ಅದನ್ನು ಚಾಟ್ ಗುಂಪಿನಲ್ಲಿ ಹಂಚುವಂತಿಲ್ಲ.